ಅಕ್ಷರದ ತರ್ಕ: ಕನ್ನಡ ಗಣಕೀಕರಣದಲ್ಲಿ ಕಿನ್ನಿಕಂಬಳ ಪದ್ಮನಾಭರಾಯರ ಕಾರ್ಯ

‘ಮಲ್ಪೆ’ ಎಂಬ ಊರಿನ ಹೆಸರನ್ನು ನಾವು ಉಚ್ಚರಿಸುವ ಕ್ರಮವೊಂದು, ಬರೆಯುವ ಕ್ರಮ ಮತ್ತೊಂದು. ಕಿವಿಗೆ ಮೊದಲು ಮಕಾರ, ಬಳಿಕ ಲಕಾರ, ಅನಂತರ ಪಕಾರ, ಕಟ್ಟಕಡೆಗೆ ಎಕಾರ ಕೇಳಿಸುತ್ತದೆ. ಕಣ್ಣಿಗಾದರೋ ಎಕಾರದ ಚಿಹ್ನೆಯು ಲಕಾರದ ತಲೆಯ ಮೇಲೆಯೇ ಕಾಣಿಸಿಕೊಂಡು, ಪಕಾರವು ಅದರಡಿಯಲ್ಲಿ ಒತ್ತಕ್ಷರವಾಗಿ ನಿಲ್ಲುತ್ತದೆ. ‘ಕಾರ್ಕಳ’ ಎಂಬಲ್ಲಿಯೂ ಇದೇ ವ್ಯತ್ಯಾಸ. ರೇಫವನ್ನು ನುಡಿಯುವುದು ಎರಡನೆಯ ಕಕಾರಕ್ಕೆ ಮೊದಲು. ಅರ್ಕಾವೊತ್ತಾಗಿ ಬರೆಯುವುದು ಅದರ ತರುವಾಯ. ಬಾಲ್ಯದಿಂದಲೂ ಓದಿ ಬರೆದು ರೂಢಿಯಾದ ನಮಗೆ ಇದೊಂದು ಸಮಸ್ಯೆಯೆಂದು ತೋರುವುದಿಲ್ಲ. ಆದರೆ ತಾನಾಗಿ ಏನನ್ನೂ ಅರಿಯದ ಗಣಕಯಂತ್ರಕ್ಕೆ ಕನ್ನಡವನ್ನು ಕಲಿಸಹೊರಟವರಿಗೆ ಮೊದಲು ಎದುರಾದ ಪ್ರಶ್ನೆಯೇ ಇದು: ಯಂತ್ರಕ್ಕೆ ತಿಳಿಸಬೇಕಾದುದು ಅಕ್ಷರದ ಆಕಾರವನ್ನೋ, ಅದರ ಉಚ್ಚಾರಕ್ರಮವನ್ನೋ?

ಈ ಪ್ರಶ್ನೆಗೆ ನಮ್ಮ ಕರಾವಳಿಯವರೇ ಆದ ಶ್ರೀ ಕಿನ್ನಿಕಂಬಳ ಪದ್ಮನಾಭರಾಯರು (ಕೆ. ಪಿ. ರಾವ್) ಕೊಟ್ಟ ಉತ್ತರವನ್ನು ವಿವೇಚಿಸುವುದೂ, ಇತಿಹಾಸದ ಅಭ್ಯಾಸಿಗಳಾದ ನಮಗೆ ಅದರಿಂದ ದೊರೆಯುವ ಪಾಠವನ್ನು ಸೂಚಿಸುವುದೂ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಗಣಕವಿಜ್ಞಾನದಲ್ಲಿ ‘ಜ್ಞಾನನಿರೂಪಣೆ’ ಎಂಬುದೊಂದು ಶಾಖೆ. ಮನುಷ್ಯನು ಬಲ್ಲ ವಿಷಯವನ್ನು ಯಂತ್ರವು ಅನುಮಾನಕ್ಕೆ ಬಳಸಿಕೊಳ್ಳಬಲ್ಲ ರೂಪದಲ್ಲಿ ಇರಿಸುವುದು ಹೇಗೆ ಎಂಬುದೇ ಅದರ ವಿಚಾರ. ಇದರೊಡನೆ ಬೆಳೆದುಬಂದ ಇನ್ನೊಂದು ಶಾಖೆಯು ‘ತರ್ಕಾಧಾರಿತ ಕ್ರಮವಿಧಿ’. ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ 1972ರಲ್ಲಿ ಅಲೈನ್ ಕೋಲ್ಮೆರೋರ್ ಮತ್ತು ಅವರ ಸಂಗಡಿಗರು ರೂಪಿಸಿದ ‘ಪ್ರೋಲಾಗ್’ ಎಂಬ ಗಣಕಭಾಷೆಯು ಇದರ ಪ್ರಸಿದ್ಧ ಫಲ. ಫ್ರೆಂಚ್ ಭಾಷೆಯ ವಾಕ್ಯಗಳನ್ನು ಯಂತ್ರವು ಗ್ರಹಿಸುವಂತೆ ಮಾಡಬೇಕೆಂಬ ಪ್ರಯತ್ನದಿಂದಲೇ ಅದು ಹುಟ್ಟಿತೆಂಬುದು ಗಮನಾರ್ಹ. ಇದರ ತತ್ತ್ವವನ್ನು ಪ್ರತಿಪಾದಿಸಿದ ರಾಬರ್ಟ್ ಕೋವಾಲ್ಸ್ಕಿಯವರು, ಗಣನವಿಧಿಯೆಂದರೆ ತರ್ಕ ಮತ್ತು ನಿಯಂತ್ರಣ ಇವೆರಡರ ಮೊತ್ತವೆಂದು 1979ರಲ್ಲಿ ನಿರೂಪಿಸಿದರು. ಏನು ಸತ್ಯವೆಂಬುದನ್ನು ಹೇಳುವುದು ತರ್ಕದ ಕೆಲಸ. ಅದನ್ನು ಹೇಗೆ ಸಾಧಿಸಬೇಕೆಂಬುದು ನಿಯಂತ್ರಣದ ಕೆಲಸ. ಇವೆರಡನ್ನೂ ಬೆರಸಬಾರದೆಂದೇ ಈ ಪಂಥದ ಸಾರ.

ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾದೀತು. ಮಲ್ಪೆಯು ಉಡುಪಿ ತಾಲೂಕಿನಲ್ಲಿದೆ ಎಂಬುದೊಂದು ಸಂಗತಿ. ಆ ತಾಲೂಕು 1997ರಲ್ಲಿ ರಚಿತವಾದ ಉಡುಪಿ ಜಿಲ್ಲೆಯಲ್ಲಿದೆ ಎಂಬುದು ಮತ್ತೊಂದು. ತಾಲೂಕಿನಲ್ಲಿರುವ ಊರು ಆ ತಾಲೂಕು ಸೇರಿದ ಜಿಲ್ಲೆಯಲ್ಲಿಯೂ ಇರುತ್ತದೆ ಎಂಬುದು ನಿಯಮ. ಇಷ್ಟನ್ನು ತಿಳಿಸಿದರೆ ಸಾಕು, ಮಲ್ಪೆಯು ಯಾವ ಜಿಲ್ಲೆಯದೆಂಬುದನ್ನು ಯಂತ್ರವು ತಾನೇ ನಿಗಮಿಸುತ್ತದೆ. ಪ್ರತಿಯೊಂದು ಊರಿಗೂ ಪ್ರತ್ಯೇಕವಾಗಿ ಜಿಲ್ಲೆಯ ಹೆಸರನ್ನು ಬರೆದಿಡುವ ಅವಶ್ಯಕತೆಯಿಲ್ಲ.

ಜಪಾನ್ ಸರಕಾರವು 1982ರಲ್ಲಿ ಆರಂಭಿಸಿದ ‘ಐದನೆಯ ತಲೆಮಾರಿನ ಗಣಕ’ ಯೋಜನೆಯು ಈ ತತ್ತ್ವವನ್ನೇ ಆಧರಿಸಿತ್ತು. ಭಾರತದಲ್ಲಿಯೂ 1986ರ ವೇಳೆಗೆ ಜ್ಞಾನಾಧಾರಿತ ಗಣಕವ್ಯವಸ್ಥೆಗಳ ಯೋಜನೆಯೊಂದು ಕೈಗೊಳ್ಳಲ್ಪಟ್ಟು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರ ಕೇಂದ್ರಗಳಲ್ಲಿ ಒಂದಾಯಿತು. ಪದ್ಮನಾಭರಾಯರು ಈ ಪಂಥದವರೆಂದು ನಾವು ಹೇಳುತ್ತಿಲ್ಲ; ಅವರ ಕ್ಷೇತ್ರ ಲಿಪಿ ಮತ್ತು ಮುದ್ರಣ. ಆದರೆ ಅವರು ಹಿಡಿದ ಮಾರ್ಗವನ್ನು ಪರಿಶೀಲಿಸಿದರೆ, ಅದು ಜ್ಞಾನನಿರೂಪಣೆಯದೇ ಮಾರ್ಗವೆಂದು ತಿಳಿದುಬರುತ್ತದೆ.

ಕನ್ನಡ ಮುದ್ರಣಕ್ಕೂ ಕರಾವಳಿಗೂ ಇರುವ ನಂಟು ಹಳೆಯದು. ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟಿತು. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಆದರೆ ಮೊಳೆಯಚ್ಚಿನವನಿಗೂ, ಆಮೇಲೆ ಬಂದ ಬೆರಳಚ್ಚು ಯಂತ್ರಕ್ಕೂ ಅಕ್ಷರವೆಂದರೆ ಆಕಾರವೇ. ತಲೆಕಟ್ಟು, ಇಳಿ, ಒತ್ತುಗಳೆಂಬ ತುಂಡುಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸುವುದೇ ಅಲ್ಲಿನ ವಿಧಾನ. ಗಣಕಯಂತ್ರವು ಬಂದಾಗಲೂ ಅನೇಕರು ಇದೇ ದಾರಿಯನ್ನು ಮುಂದುವರಿಸಲೆಣಿಸಿದುದು ಸ್ವಾಭಾವಿಕ.

ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಪದ್ಮನಾಭರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸಮಾಡಿ, ಬಳಿಕ ಮುದ್ರಣ ತಂತ್ರದ ಕಡೆಗೆ ತಿರುಗಿದವರು. ಮುಂದೆ ಮಣಿಪಾಲದಲ್ಲಿ ಬೋಧನೆಯನ್ನೂ ಮಾಡಿದರು. ತಾವು ರಚಿಸಿದ ಕನ್ನಡ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ಹೆಸರಿಟ್ಟರು. ಇದು ಛಂದಸ್ಸು ಮತ್ತು ಶಬ್ದಶಾಸ್ತ್ರಗಳ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರು. ತಂತ್ರಾಂಶಕ್ಕೆ ವೈಯಾಕರಣನೊಬ್ಬನ ಹೆಸರನ್ನಿಟ್ಟುದು ಕೇವಲ ಗೌರವಸೂಚಕವಲ್ಲ. ಅದರ ಆಧಾರವು ಆಕಾರವಲ್ಲ, ವರ್ಣವ್ಯವಸ್ಥೆ ಎಂಬುದನ್ನು ಅದು ಸೂಚಿಸುತ್ತದೆಂದು ನಾವು ಭಾವಿಸುತ್ತೇವೆ.

ಅವರ ಕೀಲಿಮಣೆಯ ಲೆಕ್ಕವನ್ನು ನೋಡೋಣ. ಕನ್ನಡದಲ್ಲಿ ಸ್ವರಗಳು 13, ಯೋಗವಾಹಗಳು 2, ವ್ಯಂಜನಗಳು 34, ಒಟ್ಟು 49. ಎರಡು ವ್ಯಂಜನಗಳ ಸಂಯೋಗಗಳನ್ನಷ್ಟೇ ಎಣಿಸಿದರೂ 1,156 ಆಗುತ್ತವೆ. ಅವನ್ನು 13 ಸ್ವರಗಳೊಡನೆ ಕೂಡಿಸಿದರೆ 15,028. ಇವೆಲ್ಲವೂ ಬಳಕೆಯಲ್ಲಿಲ್ಲವಾದರೂ ಲಿಪಿಯು ಇವೆಲ್ಲಕ್ಕೂ ಅವಕಾಶ ಕೊಡುತ್ತದೆ. ಇಂಗ್ಲಿಷ್ ಕೀಲಿಮಣೆಯಲ್ಲಾದರೋ ಅಕ್ಷರದ ಕೀಲಿಗಳು 26. ದೊಡ್ಡಕ್ಷರಗಳನ್ನು ಸೇರಿಸಿದರೆ 52 ಸ್ಥಾನಗಳು ಮಾತ್ರ. ರಾಯರು ಸಂಯೋಗಗಳನ್ನು ಬಿಟ್ಟು ಮೂಲವರ್ಣಗಳನ್ನೇ ಕೀಲಿಗಳಿಗೆ ಹಂಚಿ, ‘ಎಫ್’ ಕೀಲಿಯನ್ನು ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿಯನ್ನಾಗಿ ಮಾಡಿದರು. ‘ಕೆ’ ಕೀಲಿಗೆ ಕಕಾರ, ಅದರ ದೊಡ್ಡಕ್ಷರಕ್ಕೆ ಖಕಾರ. ವ್ಯಂಜನದ ಮುಂದೆ ಸ್ವರವನ್ನು ಒತ್ತಿದರೆ ಅದು ಗುಣಿತಚಿಹ್ನೆಯಾಗುತ್ತದೆ. ಒಂಟಿಯಾಗಿ ಒತ್ತಿದರೆ ಪೂರ್ಣಸ್ವರವಾಗಿಯೇ ಉಳಿಯುತ್ತದೆ. 49 ವರ್ಣಗಳು, ಒಂದು ಕೊಂಡಿ. ಐವತ್ತೇ ಸ್ಥಾನಗಳಲ್ಲಿ ಲಿಪಿಯೆಲ್ಲವೂ ಅಡಕವಾಯಿತು.

‘ಮಲ್ಪೆ’ ಎಂದು ಬರೆಯಲು ಮ, ಲ, ಕೊಂಡಿ, ಪ, ಎ ಎಂದು ಐದು ಸಲ ಒತ್ತಿದರಾಯಿತು. ‘ಕಾರ್ಕಳ’ಕ್ಕೆ ಕ, ಆ, ರ, ಕೊಂಡಿ, ಕ, ಳ ಎಂದು ಆರು ಸಲ. ಬೆರಳು ಕಿವಿಯ ಕ್ರಮವನ್ನು ಅನುಸರಿಸುತ್ತದೆ. ಎಕಾರವನ್ನು ಯಾವ ಅಕ್ಷರದ ತಲೆಗೇರಿಸಬೇಕು, ಅರ್ಕಾವೊತ್ತನ್ನು ಎಲ್ಲಿ ನಿಲ್ಲಿಸಬೇಕು ಎಂಬ ಚಿಂತೆ ಯಂತ್ರದ್ದು. ಏನನ್ನು ಬರೆಯಬೇಕೆಂಬುದು ಒಂದೆಡೆ, ಅದನ್ನು ಹೇಗೆ ಮೂಡಿಸಬೇಕೆಂಬುದು ಇನ್ನೊಂದೆಡೆ. ತರ್ಕವನ್ನು ನಿಯಂತ್ರಣದಿಂದ ಬೇರ್ಪಡಿಸಬೇಕೆಂಬ ತತ್ತ್ವವನ್ನು ವಾಚಕರು ಇಲ್ಲಿ ಗುರುತಿಸದಿರಲಾರರು.

ಈ ವಿನ್ಯಾಸವನ್ನು ರಾಯರು ತಮ್ಮ ಸ್ವತ್ತೆಂದು ಕಟ್ಟಿಡದೆ ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. 1998ರಲ್ಲಿ ಬಂದ ‘ಬರಹ’ವೂ, ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯೂ ಇದನ್ನೇ ಅಳವಡಿಸಿಕೊಂಡವು. ಕರ್ನಾಟಕ ಸರಕಾರವು ಅಧಿಕೃತವೆಂದು ಅಂಗೀಕರಿಸಿದುದೂ ಇದೇ ವಿನ್ಯಾಸವನ್ನು.

ಹೀಗಿದ್ದರೂ ಒಂದು ವಿಪರ್ಯಾಸವು ಸಂಭವಿಸಿತು. ಬೆರಳಿನಿಂದ ವರ್ಣಕ್ರಮದಲ್ಲಿ ಒಳಹೊಕ್ಕ ಪಠ್ಯವನ್ನು ಅಂದಿನ ಅನೇಕ ಕಡತಗಳು ಆಕಾರದ ಸಂಕೇತಗಳಾಗಿಯೇ ಉಳಿಸಿಕೊಂಡವು. ಒಂದೊಂದು ಫಾಂಟಿಗೆ ಒಂದೊಂದು ಸಂಕೇತಮಾಲೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಗುಂಪು. ಅದರಲ್ಲಿ ‘ಕಾರ್ಕಳ’ವನ್ನು ಹುಡುಕುವಂತಿಲ್ಲ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಂತೆಯೂ ಇಲ್ಲ. ಜ್ಞಾನವು ಕೀಲಿಮಣೆಯ ತನಕ ಬಂದು, ಕಡತದ ಹೊಸ್ತಿಲಲ್ಲಿ ಕಳೆದುಹೋಯಿತು.

ಇದಕ್ಕೆ ಪರಿಹಾರದ ಮಾರ್ಗ ಆಗಲೇ ಇತ್ತು. 1991ರ ಭಾರತೀಯ ಮಾನಕ ಸಂಕೇತವೂ, ಅದೇ ವರ್ಷ ಪ್ರಕಟವಾದ ಯೂನಿಕೋಡೂ ಕನ್ನಡವನ್ನು ವರ್ಣಕ್ರಮದಲ್ಲಿಯೇ ಸಂಗ್ರಹಿಸುತ್ತವೆ. ಯೂನಿಕೋಡಿನಲ್ಲಿ ‘ಮಲ್ಪೆ’ಗೆ ಐದು ಸಂಕೇತ, ‘ಕಾರ್ಕಳ’ಕ್ಕೆ ಆರು; ರಾಯರ ಕೀಲಿಮಣೆಯ ಒತ್ತುಗಳಷ್ಟೇ, ಅದೇ ಕ್ರಮದಲ್ಲಿ.

ಇತಿಹಾಸದ ವಿದ್ಯಾರ್ಥಿಗೆ ಇದು ಪರರ ವಿಷಯವಲ್ಲ. ಬಾರಕೂರಿನ ಶಾಸನವು ಕಲ್ಲಿನಲ್ಲಿ ಸವೆದಿದ್ದರೂ ಉಳಿದಷ್ಟನ್ನು ಕಣ್ಣಿಟ್ಟು ಓದಬಹುದು. ಇಪ್ಪತ್ತು ವರ್ಷಗಳ ಹಿಂದಿನ ಸ್ಮರಣಸಂಚಿಕೆ, ಪಂಚಾಯತಿನ ನಡಾವಳಿ, ನಮ್ಮ ವಿದ್ಯಾರ್ಥಿಗಳ ಪ್ರಬಂಧ ಇವುಗಳ ಕಡತಗಳು ಸವೆಯದೆ ಇದ್ದೂ ಓದಲಾಗದವಾಗಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪರಿವರ್ತಿಸಿದುದನ್ನು ಮೂಲದ ಮುದ್ರಿತ ಪ್ರತಿಯೊಡನೆ ಹೋಲಿಸಿ ತಿದ್ದುವ ಕೆಲಸವು ಮಾತ್ರ ಭಾಷೆ ಬಲ್ಲವರಿಂದಲೇ ಆಗಬೇಕು. ಮುದ್ರಿತ ಪ್ರತಿಗಳು ಇನ್ನೂ ಕೈಗೆ ಸಿಗುತ್ತಿರುವಾಗಲೇ ಪ್ರತಿಯೊಂದು ಕಾಲೇಜಿನ ವಿಭಾಗವೂ ತನ್ನ ಹಳೆಯ ಕಡತಗಳನ್ನು ಹೀಗೆ ಉದ್ಧರಿಸಿಕೊಳ್ಳುವುದು ಯುಕ್ತ. ಅಕ್ಷರವನ್ನು ಅದರ ನಿಯಮದಲ್ಲಿ ಕಂಡ ಪದ್ಮನಾಭರಾಯರ ಕಾರ್ಯಕ್ಕೆ ನಾವು ಸಲ್ಲಿಸಬಹುದಾದ ಉಚಿತವಾದ ಮನ್ನಣೆಯೂ ಇದೇ ಆಗಿದೆ.