ಬೈಗುಳವೇ ಹೆಸರಾದ ಬಗೆ

ಊರೆಂದ ಮೇಲೆ ಹೊಲಗೇರಿಯೂ ಇರುತ್ತದೆ ಎಂಬುದು ಕನ್ನಡದ ಹಳೆಯ ಗಾದೆ. ಒಳ್ಳೆಯದರ ಜೊತೆಗೆ ಕೆಟ್ಟದ್ದೂ ಇರುತ್ತದೆ ಎಂಬರ್ಥದಲ್ಲಿ ಅದನ್ನು ಆಡುವುದು ರೂಢಿ. 2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ತಮ್ಮ ಪಕ್ಷದ ವಾರ್ಷಿಕೋತ್ಸವದ ನೇರಪ್ರಸಾರದಲ್ಲಿ ಈ ಗಾದೆಯನ್ನು ಬಳಸಿದರು. ಬೆಂಗಳೂರಿನ ಚೆನ್ನಮ್ಮನಕೆರೆ ಅಚ್ಚುಕಟ್ಟು ಮತ್ತು ಹಲಸೂರು ಗೇಟ್ ಠಾಣೆಗಳಲ್ಲಿ ದೂರು ದಾಖಲಾಯಿತು. ಬಾಯಿತಪ್ಪಿ ಬಂದ ಮಾತು ಎಂದು ಅವರು ಕ್ಷಮೆ ಕೇಳಿ ವಿಡಿಯೊ ತೆಗೆದುಹಾಕಿದರು. ಮುಂದೆ ಹೈಕೋರ್ಟ್ ತಡೆಯಾಜ್ಞೆ ನೀಡಿತು. ಗಾಂಧಿನಗರದ ಚಿತ್ರರಂಗಕ್ಕೆ ಕೆಲವು ದಿನ ಅದೇ ಮಾತಾಯಿತು.

ಇದೇ ಬೆಂಗಳೂರಿನಲ್ಲಿ ಸುಮಾರು ಅರ್ಧ ಶತಮಾನದ ಹಿಂದೆ, 1975ರಲ್ಲಿ, ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಅದೇ ಪದವನ್ನು ತನ್ನ ಕವನ ಸಂಕಲನದ ಹೊದಿಕೆಯ ಮೇಲೆಯೇ ಅಚ್ಚು ಹಾಕಿಸಿದ. ಪುಸ್ತಕದ ಹೆಸರು 'ಹೊಲೆಮಾದಿಗರ ಹಾಡು'. ಕವಿ ಸಿದ್ಧಲಿಂಗಯ್ಯ. ಕೇರಿಯ ಜನ ಅದರಿಂದ ನೊಂದುಕೊಳ್ಳಲಿಲ್ಲ. ಬದಲಿಗೆ ಹಾಡುಗಳನ್ನು ಬಾಯಿಪಾಠ ಮಾಡಿ ಮೆರವಣಿಗೆಗಳಲ್ಲಿ ಹಾಡಿದರು. ಪದ ಒಂದೇ, ಒಂದು ಬಾಯಿಯಲ್ಲಿ ಅದು ಗಾಯ, ಇನ್ನೊಂದರಲ್ಲಿ ಹಾಡು.

'ಹೊಲೆಯ' ಎಂಬ ಪದ 'ಹೊಲ'ದಿಂದ ಬಂದಿದೆ, ನೆಲದ ಮೂಲ ಒಡೆಯರೇ ಹೊಲೆಯರು ಎನ್ನುವವರಿದ್ದಾರೆ. ಹಳಗನ್ನಡದ 'ಪೊಲೆ', ಅಂದರೆ ಅಶುಚಿ, ಅದರ ಮೂಲ ಎನ್ನುವವರೂ ಇದ್ದಾರೆ. ಮೂಲ ಯಾವುದೇ ಇರಲಿ, ಊರಿನವರ ಬಾಯಲ್ಲಿ ಗೆದ್ದದ್ದು ಎರಡನೆಯ ಅರ್ಥವೇ. 'ಮಾದಿಗ' ಪದವೂ ಚರ್ಮದ ಕೆಲಸದೊಂದಿಗೆ ತಳುಕು ಹಾಕಿಕೊಂಡು ಬೈಗುಳದ ಸಾಲಿಗೆ ಸೇರಿತು. ಕೆಲಸಕ್ಕೆ ಬಂದ ಕೀಳುತನ ಹೆಸರಿಗೂ ಅಂಟಿತು.

ಈ ಪದಗಳನ್ನು ತಲೆಕೆಳಗು ಮಾಡುವ ಯತ್ನ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ, ಬ್ರಾಹ್ಮಣ ಮನೆಯಲ್ಲಿ ಹುಟ್ಟಿಯೂ, ಮಾದಾರ ಚೆನ್ನಯ್ಯನ ಮನೆತನಕ್ಕೆ ಸೇರಿದವನು ತಾನೆಂದು ಹೇಳಿಕೊಂಡ. ಇದು ದೊಡ್ಡ ಮಾತು. ಆದರೆ ಮೇಲಿನವನು ಕೆಳಗಿಳಿದು ಆ ಹೆಸರನ್ನು ಹೊದ್ದುಕೊಳ್ಳುವುದಕ್ಕೂ, ಹುಟ್ಟಿನಿಂದಲೇ ಅದನ್ನು ಹೊತ್ತವನು ತಲೆಯೆತ್ತಿ ಹೇಳುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯವನಿಗೆ ಅದನ್ನು ಕಳಚಿಡುವ ಅವಕಾಶ ಎಂದೂ ಇದ್ದೇ ಇರುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಧಾರಕರು ಹಿಡಿದದ್ದು ಬೇರೆ ದಾರಿ. ಹೆಸರು ನೋಯಿಸುತ್ತದೆಯೇ, ಹೆಸರನ್ನೇ ಬದಲಿಸೋಣ ಎಂದರು. ಹಳೆ ಮೈಸೂರು ಸಂಸ್ಥಾನದಲ್ಲಿ 'ಪಂಚಮ' ಹೋಗಿ 'ಆದಿ ಕರ್ನಾಟಕ', 'ಆದಿ ದ್ರಾವಿಡ' ಬಂದವು. 1931ರ ಜನಗಣತಿಯ ಹೊತ್ತಿಗೆ ಆದಿ ಕರ್ನಾಟಕ ಸರ್ಕಾರಿ ದಾಖಲೆಯ ಪದವಾಗಿತ್ತು. ಗಾಂಧೀಜಿ 'ಹರಿಜನ' ಎಂದರು. ಅಂಬೇಡ್ಕರರಿಗೆ ಅದು ಒಪ್ಪಿಗೆಯಾಗಲಿಲ್ಲ. ಜಾತಿ ಪ್ರಮಾಣಪತ್ರಗಳಲ್ಲಿ ಆ ಪದ ಬರೆಯಬೇಡಿ ಎಂದು ಕೇಂದ್ರ ಸರ್ಕಾರ 1982ರಲ್ಲಿ ಸೂಚಿಸಿತು.

'ಆದಿ ಕರ್ನಾಟಕ' ಎಂಬುದು ಗೌರವದ ಹೆಸರೇ ಹೌದು. ಈ ನೆಲದ ಮೊದಲಿಗರು ಎಂಬ ಅರ್ಥ ಅದರಲ್ಲಿದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದನ್ನು ಬರೆಸಿದ ತಂದೆತಾಯಿಗೆ ಮಗ ತರಗತಿಯಲ್ಲಿ ತಲೆತಗ್ಗಿಸಬೇಕಾಗದು ಎಂಬ ಭರವಸೆ ಸಿಕ್ಕಿತು. ಆದರೆ ಒಂದು ತೊಡಕು ಹುಟ್ಟಿಕೊಂಡಿತು. ಒಂದು ಜಿಲ್ಲೆಯಲ್ಲಿ ಹೊಲೆಯರು ಆದಿ ಕರ್ನಾಟಕ ಎಂದು ಬರೆಸಿದರೆ, ಇನ್ನೊಂದರಲ್ಲಿ ಮಾದಿಗರು ಅದನ್ನೇ ಬರೆಸಿದರು. 'ಆದಿ ದ್ರಾವಿಡ'ದ ಕತೆಯೂ ಅಷ್ಟೇ. ಯಾರು ಎಷ್ಟಿದ್ದಾರೆ, ಶಿಕ್ಷಣ ಮತ್ತು ನೌಕರಿಯಲ್ಲಿ ಯಾರಿಗೆ ಎಷ್ಟು ಪಾಲು ಸಿಕ್ಕಿದೆ ಎಂಬುದನ್ನು ಎಣಿಸಲು ಹೊರಟಾಗ ಆ ಚಂದದ ಹೆಸರೇ ತೆರೆಯಂತೆ ಅಡ್ಡ ಬಂತು.

ಎಪ್ಪತ್ತರ ದಶಕದ ಹುಡುಗರಿಗೆ ಇಂಥ ಸೌಮ್ಯ ಹೆಸರುಗಳಲ್ಲಿ ಆಸಕ್ತಿ ಉಳಿದಿರಲಿಲ್ಲ. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಗಲಭೆಯಾಗಿ, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಗಲಭೆಯಲ್ಲಿ ಪೆಟ್ಟು ತಿಂದ ವಿದ್ಯಾರ್ಥಿ ಪೀಳಿಗೆಯೇ ಮುಂದೆ ಭದ್ರಾವತಿಯ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿತು. ಚಳವಳಿಯ ಪತ್ರಿಕೆಗೆ ಇಟ್ಟ ಹೆಸರು 'ಪಂಚಮ'. ಸರ್ಕಾರ ಕೈಬಿಟ್ಟ ಹೆಸರನ್ನು ಹುಡುಗರು ಎತ್ತಿಕೊಂಡರು.

ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ. ಬೆಳೆದದ್ದು ಮಲ್ಲೇಶ್ವರದ ಪಕ್ಕದ ಶ್ರೀರಾಮಪುರದಲ್ಲಿ. ಅವರ ಆತ್ಮಕಥೆಯ ಹೆಸರು 'ಊರುಕೇರಿ'. ಗಾದೆ ಬೇರ್ಪಡಿಸಿದ ಎರಡನ್ನು ಅವರು ಒಂದೇ ಪದವಾಗಿ ಬೆಸೆದರು, ನಡುವೆ ಅಲ್ಪವಿರಾಮವನ್ನೂ ಇಡಲಿಲ್ಲ. ಪುಟ್ಟಣ್ಣ ಕಣಗಾಲರ 'ಧರಣಿಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಹಾಡು ಬರೆದು ಗಾಂಧಿನಗರಕ್ಕೂ ಬೇಕಾದವರಾದರು. 2021ರಲ್ಲಿ ತೀರಿಕೊಂಡರು.

ಬೈಗುಳವನ್ನು ಎತ್ತಿಕೊಂಡು ಬಾವುಟ ಮಾಡುವ ಈ ಕೆಲಸ ಅಮೆರಿಕದಲ್ಲೂ ನಡೆದಿದೆ. ಮುಂಬಯಿಯ ದಲಿತ ಪ್ಯಾಂಥರ್ಸ್ 1972ರಲ್ಲಿ ಹೆಸರು ಪಡೆದದ್ದೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಕಪ್ಪುಜನರನ್ನು ಬಿಳಿಯರು ಹೀಗಳೆಯುತ್ತಿದ್ದ ಪದವನ್ನು ಹಾಸ್ಯಗಾರ ಡಿಕ್ ಗ್ರೆಗರಿ 1964ರಲ್ಲಿ ತನ್ನ ಆತ್ಮಕಥೆಯ ಹೆಸರಾಗಿಸಿದ. ರಿಚರ್ಡ್ ಪ್ರಯರ್ ಎಂಬ ಇನ್ನೊಬ್ಬ ಹಾಸ್ಯಗಾರ ವೇದಿಕೆಯ ಮೇಲೆ ಅದನ್ನು ಧಾರಾಳವಾಗಿ ಬಳಸಿ, 1979ರಲ್ಲಿ ಆಫ್ರಿಕಾ ಪ್ರವಾಸದಿಂದ ಬಂದ ಮೇಲೆ ಬಿಟ್ಟೇಬಿಟ್ಟ. 2007ರಲ್ಲಿ ಡೆಟ್ರಾಯಿಟ್‌ನಲ್ಲಿ ಕಪ್ಪುಜನರ ಹಳೆಯ ಸಂಘಟನೆಯೊಂದು ಆ ಪದಕ್ಕೆ ಶವಪೆಟ್ಟಿಗೆ ಮಾಡಿ ಮಣ್ಣು ಕೊಟ್ಟಿತು. ಪದ ಮಾತ್ರ ಸಾಯಲಿಲ್ಲ. ಗೆಳೆಯರ ಮಾತಿನಲ್ಲಿ, ಹಾಡುಗಳಲ್ಲಿ ಇಂದಿಗೂ ಓಡಾಡುತ್ತಿದೆ.

ನಮ್ಮಲ್ಲೂ ಹಾಗೆಯೇ. ಸಂಘಟನೆಯ ಗೆಳೆಯರ ನಡುವೆ ಆ ಪದ ಸಲಿಗೆಯ, ತಮಾಷೆಯ, ಕೆಲವೊಮ್ಮೆ ಪ್ರೀತಿಯ ಕರೆಯಾಗುತ್ತದೆ. ಹೊರಗಿನವನು ಬಂದು ಕೂತೊಡನೆ ಮಾತು ಬದಲಾಗುತ್ತದೆ. ಅವನೆಷ್ಟೇ ಆಪ್ತನಿದ್ದರೂ ಆ ಸಲಿಗೆ ಅವನದಲ್ಲ. ಕಾನೂನು ಇದನ್ನು ತನ್ನದೇ ರೀತಿಯಲ್ಲಿ ಗುರುತಿಸಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಪರಿಶಿಷ್ಟರಲ್ಲದವರು ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರು ಹಿಡಿದು ನಿಂದಿಸುವುದು ಅಪರಾಧ. ಉತ್ತರ ಭಾರತದ 'ಚಮಾರ್' ಪದದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದು ಕೂಡ ಇದನ್ನೇ: ಪದ ಜಾತಿಯ ಹೆಸರೇ ಇರಬಹುದು, ಅವಮಾನಿಸಲು ಬಳಸಿದರೆ ಅದು ನಿಂದನೆ.

1994ರಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ ಮಾದಿಗ ದಂಡೋರ ಶುರುವಾಯಿತು. ನಾಯಕ ಮಂದ ಕೃಷ್ಣ ತನ್ನ ಹೆಸರಿನ ಕೊನೆಗೆ 'ಮಾದಿಗ' ಸೇರಿಸಿಕೊಂಡ. ಶರ್ಮ, ರೆಡ್ಡಿ ಇರಬಹುದಾದರೆ ಮಾದಿಗ ಏಕಿರಬಾರದು ಎಂಬುದು ಅದರ ಹಿಂದಿನ ಪ್ರಶ್ನೆ. ಕರ್ನಾಟಕದಲ್ಲೂ ದಂಡೋರ ಮೊಳಗಿತು. ಬೇಡಿಕೆ ಒಳಮೀಸಲಾತಿ. ಅದಕ್ಕೆ ಅಂಕಿಅಂಶ ಬೇಕು, ಅಂಕಿಅಂಶಕ್ಕೆ ನಿಜವಾದ ಜಾತಿ ಹೆಸರು ಬೇಕು.

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣಕ್ಕೆ ಒಪ್ಪಿತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ 2025ರ ಮೇ 5ರಿಂದ ರಾಜ್ಯದ ಮನೆಮನೆಗೆ ಗಣತಿದಾರರನ್ನು ಕಳಿಸಿತು. ಆದಿ ಕರ್ನಾಟಕ ಎಂದರೆ ಸಾಲದು, ಮೂಲ ಜಾತಿ ಹೇಳಿ ಎಂಬ ಕೋರಿಕೆ. ತಾತಂದಿರು ಕಷ್ಟಪಟ್ಟು ದಾಖಲೆಯಿಂದ ಅಳಿಸಿಹಾಕಿದ್ದ ಪದವನ್ನು ಮೊಮ್ಮಕ್ಕಳು ಈಗ ಬಾಯಿಬಿಟ್ಟು ಹೇಳಬೇಕಾಯಿತು. ವೇದಿಕೆಯ ಮೇಲೆ ಹೇಳುವುದು ಒಂದು, ಬಾಡಿಗೆ ಮನೆಯ ಬಾಗಿಲಲ್ಲಿ ಹೇಳುವುದು ಇನ್ನೊಂದು. ಜಾತಿ ಮರೆಮಾಚದೆ ಮನೆ ಸಿಗದ ನಗರದಲ್ಲಿ, ಮಾಲೀಕರು ಕೆಳಗಿನ ಮನೆಯಲ್ಲೇ ಇರುವಾಗ, ಅಕ್ಕಪಕ್ಕದವರು ಕಿಟಕಿಯಲ್ಲಿ ನಿಂತಿರುವಾಗ, ಗಟ್ಟಿದನಿಯಲ್ಲಿ 'ಹೊಲೆಯ', 'ಮಾದಿಗ' ಎಂದು ಹೇಳುವುದು ಹೇಗೆ? ಬೆಂಗಳೂರಿನಲ್ಲಿ ಹಲವರು ಹಿಂಜರಿದರು. ಮನೆಬಾಗಿಲಲ್ಲಿ ಹೇಳಲಾರದವರಿಗಾಗಿ ಶಿಬಿರಗಳಲ್ಲಿ, ಆನ್‌ಲೈನ್‌ನಲ್ಲಿ ಬರೆಸುವ ಏರ್ಪಾಡಾಯಿತು. ಗಣತಿಯ ಅವಧಿಯೂ ಬೆಳೆಯಿತು.

ಆಗಸ್ಟ್ 4ರಂದು ಆಯೋಗ ವರದಿ ಕೊಟ್ಟಿತು. ಎಣಿಕೆಗೆ ಸಿಕ್ಕ ಒಂದು ಕೋಟಿಗೂ ಹೆಚ್ಚು ಪರಿಶಿಷ್ಟ ಜಾತಿಯವರಲ್ಲಿ ಬಹುತೇಕರು ಮೂಲ ಹೆಸರನ್ನೇ ಬರೆಸಿದ್ದರು. ಸುಮಾರು 4.7 ಲಕ್ಷ ಜನ ಮಾತ್ರ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂಬಲ್ಲಿಗೇ ಮಾತು ನಿಲ್ಲಿಸಿದ್ದರು.