ಕೈಗಾ ಸುದ್ದಿ ಮತ್ತ ನಮ್ಮ ಹೆದರಿಕಿ

ಅಕ್ಕಾರ, ಟಿವಿಯೊಳಗ ‘ವಿಕಿರಣ’ ಅಂದ್ರ ಸಾಕು, ಹಾನಗಲ್ಲಿನ್ಯಾಗ ಕುಂತವರಿಗೂ ಎದಿ ಝಲ್ಲ ಅಂತೈತಿ. ನಮ್ಮ ತಾಲೂಕಿನ ಗಡಿ ದಾಟಿದ್ರ ಉತ್ತರ ಕನ್ನಡ. ಆ ಜಿಲ್ಲಾದಾಗ ಕಾಳಿ ನದಿ ದಂಡಿಗೆ ಕೈಗಾ ಅಣುಸ್ಥಾವರ ಐತಿ. ಅಲ್ಲಿ ಆದ ಎರಡು ಸಂಗತಿ ತಿಳಕೊಂಡಿರೂದು ಚಲೋ.

1994ರ ಮೇ ತಿಂಗಳದಾಗ, ಇನ್ನೂ ಕಟ್ಟಾಕತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಇಂಧನ ತುಂಬಿದ್ದೇ ಇಲ್ಲ, ಹಂಗಾಗಿ ವಿಕಿರಣ ಸೋರೋ ಮಾತೇ ಇರಲಿಲ್ಲ. ಮತ್ತ ಕಟ್ಟಿ, 2000ದಾಗ ಘಟಕ ಶುರು ಮಾಡಿದ್ರು.

2009ರ ನವೆಂಬರ್ ಕಥಿ ಬ್ಯಾರೆ. ಸ್ಥಾವರದೊಳಗ ಕೆಲಸಗಾರರು ಕುಡಿಯೋ ನೀರಿನ ಕೂಲರಿನ್ಯಾಗ ಟ್ರೀಟಿಯಂ ಇದ್ದ ಭಾರಜಲ ಕೂಡಿತ್ತು. ಮೂತ್ರ ಪರೀಕ್ಷೆ ಮಾಡಿದಾಗ 50ಕ್ಕಿಂತ ಹೆಚ್ಚು ಮಂದಿ ಮೈಯಾಗ ಅದು ಸೇರಿದ್ದು ಗೊತ್ತಾತು. ಟ್ರೀಟಿಯಂ ಮೂತ್ರದ ಕೂಡ ಹೊರಗ ಹೋಗತೈತಿ. ಅದು ಒಂದು ಕೂಲರಿನ ನೀರು, ಕಾಳಿ ನದಿ ನೀರಲ್ಲ. ಆದ್ರ 24ಕ್ಕ ಒಳಗ ತಿಳಿದದ್ದು ಮಂದಿಗೆ ತಿಳಿದದ್ದು ನಾಕೈದು ದಿನದ ಮ್ಯಾಲ. ಹೇಳಾಕ ತಡಾ ಆದಷ್ಟೂ ಗಾಳಿಸುದ್ದಿ ಬೆಳಿತೈತಿ.

2011ರಾಗ ಜಪಾನಿನ ಫುಕುಶಿಮಾ ಅಪಘಾತ ಆದಾಗ ಚೀನಾದ ಮಂದಿ ಅಂಗಡಿಗೆ ಮುಗಿಬಿದ್ದು ಅಯೋಡಿನ್ ಉಪ್ಪು ಖಾಲಿ ಮಾಡಿದ್ರು. ಉಪ್ಪಿನ್ಯಾಗಿನ ಅಯೋಡಿನ್ ಭಾಳ ಕಡಿಮಿ, ಅದು ವಿಕಿರಣ ತಡಿಯೂದಿಲ್ಲ. ಅಷ್ಟು ಉಪ್ಪು ತಿಂದ್ರ ಬಿಪಿ ಏರತೈತಿ ಅಷ್ಟ.

ಇಂಥ ಸುದ್ದಿ ಬಂದ್ರ ಮೂರು ಮಾತು ಕೇಳ್ರಿ: ಏನು ಸೋರೇತಿ, ಎಲ್ಲಿ, ಎಷ್ಟು? ಹೇಳೋ ಅಧಿಕಾರಿಗಳೂ ಆ ಮೂರನ್ನ ಅವತ್ತ ಹೇಳಬೇಕು.