ಅನ್ನನಾಳದ ಕರಿಗಂತಿ

ಅನ್ನನಾಳದ ಕ್ಯಾನ್ಸರುಗಳಲ್ಲಿ ಮೆಲನೋಮವೆಂಬುದು ನೂರಕ್ಕೆ ಅರ್ಧದಷ್ಟೂ ಇಲ್ಲ. ಇಷ್ಟು ವಿರಳವಾದ ರೋಗವನ್ನು ಅಳೆಯಲು ವೈದ್ಯಶಾಸ್ತ್ರಕ್ಕೆ ತಕ್ಕ ಕೋಲು ಇನ್ನೂ ದೊರೆತಿಲ್ಲವೆಂಬುದೇ ಇದರ ಚರಿತ್ರೆಯ ತಿರುಳು.

ರೋಗಕ್ಕೆ ಹೆಸರು ಬಂದುದು ಫ್ರಾನ್ಸಿನಲ್ಲಿ. ಮುಂದೆ ಸ್ಟೆತೊಸ್ಕೋಪನ್ನು ಕಂಡುಹಿಡಿದ ಲೆನೆಕ್ 1804ರಲ್ಲಿ ಈ ಕರಿಯ ಗಂತಿಗಳನ್ನು ವರ್ಣಿಸಿ ‘ಮೆಲನೋಸ್’ ಎಂದು ಕರೆದನು. ಗ್ರೀಕರ ‘ಮೆಲಾಸ್’ ಎಂದರೆ ನಮ್ಮ ಹಳಗನ್ನಡದ ‘ಕರ್’. ಆತನ ಗುರು ಡ್ಯುಪುಯಿತ್ರೆನ್ ಆ ಕೀರ್ತಿಗಾಗಿ ಶಿಷ್ಯನೊಡನೆ ಜಗಳಕ್ಕಿಳಿದದ್ದೂ ಉಂಟು. ಬಣ್ಣ ನೋಡಿ ಇಟ್ಟ ಹೆಸರು; ಬಣ್ಣವೇ ಇಲ್ಲದ ಮೆಲನೋಮಗಳೂ ಇವೆಯೆಂಬುದು ಅನಂತರ ತಿಳಿಯಿತು!

1906ರಲ್ಲಿ ಬೌರ್ ಎಂಬಾತನು ಅನ್ನನಾಳದಲ್ಲಿಯೇ ಹುಟ್ಟಿದ ಇಂತಹ ಗಂತಿಯನ್ನು ವರದಿ ಮಾಡಿದನು. ಅದನ್ನು ನಂಬುವುದು ಸುಲಭವಾಗಿರಲಿಲ್ಲ. ಬಣ್ಣದ ಜೀವಕೋಶಗಳು ಚರ್ಮದವು. ತುತ್ತು ಇಳಿಯುವ ಹಾದಿಯಲ್ಲಿ ಅವಕ್ಕೇನು ಕೆಲಸ? ಚರ್ಮದಲ್ಲೆಲ್ಲಿಯೋ ಹುಟ್ಟಿದ್ದು ಇಲ್ಲಿಗೆ ಹರಿದು ಬಂದಿರಬೇಕೆಂದು ಶಂಕಿಸಿದವರನ್ನು ದೂರುವಂತಿಲ್ಲ. 1963ರಲ್ಲಿ ಡಿ ಲಾ ಪಾವಾ ಮತ್ತು ಸಂಗಡಿಗರು 100 ಶವಗಳ ಅನ್ನನಾಳವನ್ನು ಪರೀಕ್ಷಿಸಿ, 4ರಲ್ಲಿ ಅಂತಹ ಜೀವಕೋಶಗಳನ್ನು ತೋರಿಸಿದರು. ಶಂಕೆಯ ಬಲ ತಗ್ಗಿತು.

ಹುಟ್ಟು ತಿಳಿದರೆ ಸಾಲದು. ರೋಗ ಎಷ್ಟು ಬೆಳೆದಿದೆ, ರೋಗಿ ಎಷ್ಟು ಕಾಲ ಬದುಕಿಯಾನು ಎಂದು ಹೇಳಬೇಕಷ್ಟೆ. ಚರ್ಮದ ಮೆಲನೋಮಕ್ಕೆ ಅಮೆರಿಕದ ಕ್ಲಾರ್ಕ್ 1969ರಲ್ಲಿ ಐದು ಮಟ್ಟಗಳನ್ನು ಗೊತ್ತುಮಾಡಿದನು. ಗಂತಿ ಚರ್ಮದ ಯಾವ ಪದರದವರೆಗೆ ಇಳಿದಿದೆಯೆಂಬುದು ಅದರ ಲೆಕ್ಕ. ಮರುವರ್ಷ ಬ್ರೆಸ್ಲೋ ಗಂತಿಯ ದಪ್ಪವನ್ನೇ ಮಿಲಿಮೀಟರಿನಲ್ಲಿ ಅಳೆದನು. ಇಷ್ಟು ಸರಳವಾದ ಅಳತೆ ಇಷ್ಟು ನಿಜ ನುಡಿದದ್ದು ಅಪರೂಪ. ಆದರೆ ಅನ್ನನಾಳಕ್ಕೆ ಚರ್ಮದ ಪದರಗಳೇ ಇಲ್ಲ. ಮೇಲಾಗಿ ಚರ್ಮದ ಮಚ್ಚೆ ಕಣ್ಣಿಗೆ ಬೀಳುತ್ತದೆ. ಒಳಗಿನ ಗಂತಿ ಸಾಮಾನ್ಯವಾಗಿ ತುತ್ತು ಗಂಟಲಲ್ಲಿ ತಡೆದಾಗ ತಿಳಿಯುತ್ತದೆ. ಅಷ್ಟರಲ್ಲಿ ಅದು ಸೆಂಟಿಮೀಟರುಗಟ್ಟಲೆ ಬೆಳೆದಿರುತ್ತದೆ. ಆ ನಾಳದ ಗೋಡೆಯಲ್ಲಿ ದುಗ್ಧನಾಳಗಳ ಬಲೆ ದಟ್ಟವಾದ್ದರಿಂದ ರೋಗ ಬೇಗ ಹಬ್ಬುತ್ತದೆ.

ಹೀಗಾಗಿ ಅನ್ನನಾಳದ ಇತರ ಕ್ಯಾನ್ಸರುಗಳ ಕ್ರಮವನ್ನೇ ಎರವಲು ತಂದಿದ್ದಾರೆ: ಗೋಡೆಯಲ್ಲಿ ಇಳಿದ ಆಳ, ದುಗ್ಧಗ್ರಂಥಿಗಳು, ದೂರದ ಅಂಗಗಳು. ಗಂತಿ ಒಳಪದರದಲ್ಲಿಯೇ ನಿಂತಿರುವಾಗ ಶಸ್ತ್ರಕ್ರಿಯೆಯಾದವರು ಹೆಚ್ಚು ಕಾಲ ಬಾಳಿದ್ದುಂಟು. ಉಳಿದವರಲ್ಲಿ ಐದು ವರ್ಷ ಕಂಡವರು ವಿರಳ. ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸುವ, 2011ರಿಂದೀಚೆಗೆ ಬಂದ ಔಷಧಗಳು ಚರ್ಮದ ಮೆಲನೋಮದ ಲೆಕ್ಕವನ್ನು ಬದಲಿಸಿವೆ. ಅನ್ನನಾಳದ ಮೆಲನೋಮಕ್ಕೂ ಅವನ್ನು ಕೊಡುತ್ತಾರೆ. ಆದರೆ ಅವುಗಳ ಗುಣವನ್ನು ಪ್ರತ್ಯೇಕವಾಗಿ ಪರೀಕ್ಷಿಸುವಷ್ಟು ರೋಗಿಗಳು ಒಂದೆಡೆ ಸೇರುವುದಿಲ್ಲ. ವೈದ್ಯರು ಬಹುಮಟ್ಟಿಗೆ ಬೌರನಂತೆಯೇ ಒಬ್ಬೊಬ್ಬ ರೋಗಿಯ ವೃತ್ತಾಂತವನ್ನು ಬರೆದಿಡುತ್ತಿದ್ದಾರೆ.